ಔಟರ್‌ನಲ್ಲಿ ನಿಂತ ಐಸ್‌ಬರ್ಗ್‌ಗಳು, ಟೈಮಿಗೆ ಬಾರದ ತಿಮಿಂಗಿಲಗಳು

34 ವರ್ಷ ರೈಲ್ವೆಯಲ್ಲಿ ದುಡಿದವನು ನಾನು. ಹೆಚ್ಚಿನ ಕಾಲ ಸ್ಟೇಷನ್ ಮಾಸ್ಟರ್, ಕೊನೆಯ ಕೆಲವು ವರ್ಷ ಅರಸೀಕೆರೆ ಕಡೆ. ಯಾವ ಗಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ತಡ ಆಗಿದ್ದರೆ ಯಾಕೆ, ಇದನ್ನೇ ಟ್ರೇನ್ ಸಿಗ್ನಲ್ ರಿಜಿಸ್ಟರಿನಲ್ಲಿ ಬರೆದು ಬರೆದು ಬೆರಳು ಸವೆಸಿದ್ದೇನೆ. ಇಂಥವನು 2023ರ ಆಗಸ್ಟ್‌ನಲ್ಲಿ ಹೆಂಡತಿಯನ್ನು ಕರೆದುಕೊಂಡು ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಗೆ ಹೋದೆ. ಎಂಟು ರಾತ್ರಿ ಹಡಗಿನಲ್ಲಿ. ಕೈಯಲ್ಲಿ ಅಚ್ಚುಕಟ್ಟಾಗಿ ಪ್ರಿಂಟ್ ಹಾಕಿಸಿದ ಕಾರ್ಯಕ್ರಮದ ಪಟ್ಟಿ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಮಾತ್ರ ನಾನು ಓದಿರಲಿಲ್ಲ. ಹವಾಮಾನ, ಮಂಜುಗಡ್ಡೆ ನೋಡಿಕೊಂಡು ಇದರಲ್ಲಿ ಯಾವುದು ಬೇಕಾದರೂ ಬದಲಾಗಬಹುದು ಅಂತ ಅಲ್ಲಿತ್ತು.

ಬದಲಾಯಿತು. ಒಂದೇ ಒಂದು ದಿನವೂ ಪಟ್ಟಿಯಂತೆ ನಡೆಯಲಿಲ್ಲ.

ಖರ್ಚಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಇಬ್ಬರಿಗೂ ಸೇರಿ ಆದ ಖರ್ಚಿನಲ್ಲಿ ಒಂದು ಒಳ್ಳೆಯ ಹೊಸ ಕಾರು ಬರುತ್ತಿತ್ತು. ಅರ್ಧ ನನ್ನ ನಿವೃತ್ತಿಯ ದುಡ್ಡು, ಅರ್ಧ ಮಗಳದು. ಅವಳು ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿದ್ದಾಳೆ. "ಅಪ್ಪಾ, ಕಾರು ತಗೊಂಡು ಎಲ್ಲಿಗೆ ಹೋಗ್ತೀಯ, ತಿಪಟೂರಿಗಾ?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವೀಸಾ ವಿಷಯದಲ್ಲಿ ಒಂದು ಮಾತು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದೇ ಹೌದು, ಆದರೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿಲ್ಲ. ಮಾಮೂಲಿ ಷೆಂಗೆನ್ ವೀಸಾ ಇಟ್ಟುಕೊಂಡು ಹೋದರೆ ಆಗುವುದಿಲ್ಲ. ಗ್ರೀನ್‌ಲ್ಯಾಂಡಿಗೂ ಸಲ್ಲುತ್ತದೆ ಅಂತ ವೀಸಾದಲ್ಲಿ ಬೇರೆಯಾಗಿ ಬರೆದಿರಬೇಕು. ಅಲ್ಲಿಂದ ಕೋಪನ್‌ಹೇಗನ್‌ಗೆ ವಾಪಸ್ ಬರಬೇಕಲ್ಲ, ಆದ್ದರಿಂದ ಷೆಂಗೆನ್ ಒಳಗೆ ಎರಡು ಸಲ ಕಾಲಿಡಲು ಅನುಮತಿಯೂ ಬೇಕು. ನಾವು ದುಡ್ಡು ಕಟ್ಟಿದ ಏಜೆಂಟ್‌ಗೆ ಇದು ಗೊತ್ತೇ ಇರಲಿಲ್ಲ. "ಯುರೋಪ್ ಅಲ್ವಾ ಸಾರ್, ಎಲ್ಲ ಒಂದೇ" ಅಂದುಬಿಟ್ಟ. ಮಗಳು ನೋಡಿ ಕಿರುಚಿದ ಮೇಲೆ ಅರ್ಜಿ ತಿದ್ದಿಸಿದೆವು. ಪ್ಯಾಕೇಜಿನ ಮೇಲೆ ಮುಂಗಡ ತೆರಿಗೆಯಾಗಿ ಕಟ್ಟಿಸಿಕೊಳ್ಳುವ ಟಿಸಿಎಸ್ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ರಸೀದಿ ಕಳೆಯಬೇಡಿ.

ಬಟ್ಟೆಗೆ ಸೂತ್ರ ಸರಳ. ಮೈಗೆ ತಾಗಿ ಉಣ್ಣೆಯ ಒಳಉಡುಪು, ಅದರ ಮೇಲೆ ಸ್ವೆಟರ್, ಅದರ ಮೇಲೆ ನೀರು, ಗಾಳಿ ಎರಡನ್ನೂ ತಡೆಯುವ ಜಾಕೆಟ್ಟು. ಹತ್ತಿ ಬಟ್ಟೆ ಬೇಡ. ಒದ್ದೆಯಾದರೆ ಆರುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ದಪ್ಪ ಜಾಕೆಟ್ಟು, ಮೊಣಕಾಲವರೆಗಿನ ರಬ್ಬರ್ ಬೂಟು ಹಡಗಿನವರೇ ಕೊಟ್ಟರು. ನೀರು ಹಿಡಿಯದ ಪ್ಯಾಂಟು ನಾವೇ ಒಯ್ಯಬೇಕಿತ್ತು. ಆಗಸ್ಟ್‌ನಲ್ಲಿ ಅಲ್ಲಿ ಹಗಲು ಆರೇಳು ಡಿಗ್ರಿ ಇರುತ್ತದೆ, ಕೇಳುವುದಕ್ಕೆ ಅಂಥ ಚಳಿ ಏನಲ್ಲ. ಆದರೆ ಮಂಜುಗಡ್ಡೆಗಳ ನಡುವೆ ತೆರೆದ ದೋಣಿಯಲ್ಲಿ ಒಂದೂವರೆ ಗಂಟೆ ಅಲ್ಲಾಡದೆ ಕೂತರೆ ಕಿವಿ ನಮ್ಮದಲ್ಲ. ಮಗಳು ಕೊಡಿಸಿದ ಫ್ಯಾಶನ್ ಟೋಪಿ ಎರಡನೇ ದಿನವೇ ಹಾರಿಹೋಯಿತು. ಮಾರ್ಕೆಟ್ಟಿನಲ್ಲಿ ಕೊಂಡ ನನ್ನ ಹಳೇ ಮಂಕಿ ಕ್ಯಾಪು ಕೊನೆಯವರೆಗೂ ಕಾಪಾಡಿತು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಬಿಡಿ.

ಬೈನಾಕ್ಯುಲರ್ ಮರೆಯಬೇಡಿ. 10 ಪಟ್ಟು ದೊಡ್ಡದಾಗಿ ತೋರಿಸುವುದಕ್ಕಿಂತ 8 ಪಟ್ಟಿನದೇ ವಾಸಿ. ಹಡಗು ಅಲುಗುವಾಗ ಜಾಸ್ತಿ ಪವರ್ ಇದ್ದಷ್ಟೂ ಚಿತ್ರ ಕುಣಿಯುತ್ತದೆ. ಹೊಟ್ಟೆ ತೊಳಸುವವರು ಅವೋಮಿನ್ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಅಲೆ ಶುರುವಾಗುವ ಮೊದಲೇ ನುಂಗಬೇಕು. ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ನನಗೆ ಗೊತ್ತು. ಊಟ ಸಸ್ಯಾಹಾರ ಬೇಕೆಂದು ತಿಂಗಳ ಮುಂಚೆಯೇ ಬರೆದು ತಿಳಿಸಿದ್ದೆವು. ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಆದರೂ ನಮ್ಮವಳು ತಂದಿದ್ದ ಚಟ್ನಿಪುಡಿ ಡಬ್ಬ ಐದನೇ ದಿನಕ್ಕೆ ಖಾಲಿ. ಅರ್ಧ ಖಾಲಿ ಮಾಡಿದ್ದು ಪಕ್ಕದ ಮೇಜಿನ ಜರ್ಮನ್ ದಂಪತಿ.

ಕೋಪನ್‌ಹೇಗನ್‌ನಿಂದ ನಾಲ್ಕೂವರೆ ಗಂಟೆ ವಿಮಾನ. ಇಳಿದದ್ದು ಕಾಂಗರ್ಲುಸ್ಸುವಾಕ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ ಅಮೆರಿಕದವರು ಕಟ್ಟಿದ ವಿಮಾನ ನಿಲ್ದಾಣ. ಆರ್ಕ್ಟಿಕ್ ವೃತ್ತದ ಒಳಗೆ ಕಾಲಿಟ್ಟೆ ಅಂತ ಹೆಮ್ಮೆಯಿಂದ ಉಸಿರೆಳೆದುಕೊಂಡೆ. ಬಾಯೊಳಗೆ ಸೊಳ್ಳೆ ಹೋಯಿತು. ಹೌದು, ಸೊಳ್ಳೆ! ಬೇಸಿಗೆಯಲ್ಲಿ ಅಲ್ಲಿ ನಮ್ಮ ಕೆರೆ ಏರಿಯನ್ನು ಮೀರಿಸುವಷ್ಟು ಸೊಳ್ಳೆ. ದೂರದ ಗುಡ್ಡದ ಮೇಲೆ ಕಂದು ಚುಕ್ಕೆಗಳಂತೆ ಕಸ್ತೂರಿ ಎತ್ತುಗಳು ಮೇಯುತ್ತಿದ್ದವು. 1960ರ ದಶಕದಲ್ಲಿ ಈಶಾನ್ಯ ಗ್ರೀನ್‌ಲ್ಯಾಂಡಿನಿಂದ 27 ಪ್ರಾಣಿಗಳನ್ನು ತಂದು ಬಿಟ್ಟರಂತೆ, ಈಗ ಸಾವಿರಗಟ್ಟಲೆ ಆಗಿವೆ.

ಅಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಹಿಮನದಿ ಅರೆದು ತಂದ ಹುಡಿ ತುಂಬಿ ನೀರು ಅಕ್ಕಿ ತೊಳೆದ ಗಂಜಿಯಂತೆ ಬೆಳ್ಳಗೆ, ಆಳವೂ ಕಡಿಮೆ. ಆದ್ದರಿಂದ ಮೊದಲ ದಿನವೇ ಜೋಡಿಯಾಕ್ ಹತ್ತಬೇಕು. ಜೋಡಿಯಾಕ್ ಅಂದರೆ ಗಾಳಿ ತುಂಬಿದ ದಪ್ಪ ರಬ್ಬರ್ ದೋಣಿ, ಹಿಂದೆ ಮೋಟರು. ಹತ್ತು ಜನ ಅಂಚಿನ ಮೇಲೆ ಎದುರುಬದುರು ಕೂರುತ್ತಾರೆ. ಹತ್ತುವಾಗ ಅವರ ಕೈ ಹಿಡಿಯಬಾರದು, ಮಣಿಕಟ್ಟು ಹಿಡಿಯಬೇಕು. ಅವರೂ ನಮ್ಮ ಮಣಿಕಟ್ಟು ಹಿಡಿಯುತ್ತಾರೆ. ಒದ್ದೆ ಗ್ಲೌಸ್ ಜಾರಿದರೂ ಹಿಡಿತ ತಪ್ಪುವುದಿಲ್ಲ. ಮೊಣಕಾಲು ನೋವಿನವನಾದ ನನಗೆ ಮೊದಲೆರಡು ಸಲ ಭಯವಾಯಿತು, ಆಮೇಲೆ ಬಸ್ ಹತ್ತಿದಷ್ಟೇ ಸಲೀಸು. ವಯಸ್ಸಾದವರಿಗೆ ಇನ್ನೊಂದು ಗುಟ್ಟಿನ ಮಾತು: ದೋಣಿಯಲ್ಲಿ ಶೌಚಾಲಯ ಇಲ್ಲ. ಹೊರಡುವ ಒಂದು ಗಂಟೆ ಮುಂಚೆಯಿಂದ ಕಾಫಿ ಬಿಡಿ. ಐದು ಪದರ ಬಟ್ಟೆ ಹಾಕುವ ಮೊದಲೇ ಹೋಗಿಬನ್ನಿ, ಹಾಕಿದ ಮೇಲಲ್ಲ.

ನಾವು ಹಡಗು ಹತ್ತಿದ್ದು ಫ್ಯೋರ್ಡಿನಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕಿರಿದಾದ ತೋಳಿನಲ್ಲಿ. 170 ಕಿ.ಮೀ.ಗಿಂತ ಉದ್ದದ ಅದನ್ನು ರಾತ್ರಿಯಲ್ಲಿ ದಾಟಿ ಸಮುದ್ರಕ್ಕೆ ಬಂದೆವು. ಬೆಳಿಗ್ಗೆ ಸಿಸಿಮಿಯುಟ್ ಊರು ನೋಡಿ, ಮಧ್ಯಾಹ್ನ ಉತ್ತರಕ್ಕೆ ಹೊರಟಾಗ ಸ್ಪೀಕರಿನಲ್ಲಿ ಕೂಗಿದರು: "ತಿಮಿಂಗಿಲ, ಹನ್ನೊಂದು ಗಂಟೆ!" ನಾನು ವಾಚು ನೋಡಿಕೊಂಡೆ. ಇನ್ನೂ ಮೂರೂವರೆ ಆಗಿತ್ತು. ನಾಳೆ ಹನ್ನೊಂದಕ್ಕಾ ಅಂತ ಪಕ್ಕದವರನ್ನು ಕೇಳಿದೆ. ಅವರು ನಕ್ಕು ಕೈ ತೋರಿಸಿದರು. ಹಡಗಿನ ಮೂತಿ 12 ಗಂಟೆ, ಬಲ ಪಕ್ಕ 3, ಹಿಂಭಾಗ 6, ಎಡ ಪಕ್ಕ 9. ಹನ್ನೊಂದು ಗಂಟೆ ಅಂದರೆ ಮುಂದೆ ತುಸು ಎಡಕ್ಕೆ. ನನಗೆ ಇದೆಲ್ಲ ತಿಳಿಯುವ ಹೊತ್ತಿಗೆ ಅದು ಮುಳುಗಿಯಾಗಿತ್ತು. ನಮ್ಮವಳು ಮಾತ್ರ ನೋಡಿದ್ದಳು. "ಕಪ್ಪಗೆ ಉದ್ದಕ್ಕೆ ಏನೋ ಉರುಳಿದ ಹಾಗಾಯ್ತು ರೀ" ಅಂದಳು.

ಅವತ್ತು ರಾತ್ರಿ ಹಳೇ ಚಟ ಎದ್ದಿತು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ. ಸಮಯ, ಜಾಗ, ಯಾವ ಜಾತಿ, ಎಷ್ಟು ಸಲ ಉಸಿರು ಬಿಟ್ಟಿತು, ಬಾಲ ಎತ್ತಿತೋ ಇಲ್ಲವೋ, ಎಷ್ಟು ನಿಮಿಷ ಮುಳುಗಿತ್ತು, ಷರಾ. ಥೇಟ್ ನಮ್ಮ ರಿಜಿಸ್ಟರೇ. ನಮ್ಮವಳು ನೋಡಿ, "ಇಲ್ಲೂ ಡ್ಯೂಟಿ ಶುರುವಾಯ್ತಾ" ಅಂತ ಮಗ್ಗುಲು ಬದಲಿಸಿದಳು.

ಮಾರನೇ ದಿನ ಡಿಸ್ಕೋ ಕೊಲ್ಲಿ. ಪಟ್ಟಿಯ ಪ್ರಕಾರ ಬೆಳಿಗ್ಗೆ ಎಂಟಕ್ಕೆ ಐಸ್‌ಬರ್ಗ್‌ಗಳ ನಡುವೆ ಜೋಡಿಯಾಕ್ ಸುತ್ತಾಟ. ಎದ್ದು ಕಿಟಕಿ ನೋಡಿದರೆ ಏನೂ ಇಲ್ಲ. ಕಿಟಕಿಗೆ ಬಿಳೀ ಬಟ್ಟೆ ಹೊದಿಸಿದಂಥ ಮಂಜು. ಸುತ್ತಾಟ ರದ್ದು. ಬದಲಿಗೆ ಇಲುಲಿಸ್ಸಾಟ್ ಊರಿಗೆ ಇಳಿದು ನಡೆಯಿರಿ ಅಂದರು. ನನಗೆ ಸಿಟ್ಟೇ ಬಂತು. ಈಗ ಯೋಚಿಸಿದರೆ ಆ ನಡಿಗೆ ಇಲ್ಲದಿದ್ದರೆ ಆಮೇಲೆ ನೋಡಿದ್ದು ಏನೂ ಅರ್ಥವಾಗುತ್ತಿರಲಿಲ್ಲ.

ಇಲುಲಿಸ್ಸಾಟ್ ಅಂದರೆ ಅವರ ಭಾಷೆಯಲ್ಲಿ ಐಸ್‌ಬರ್ಗ್‌ಗಳು ಅಂತಲೇ ಅರ್ಥ. ಐದು ಸಾವಿರದ ಹತ್ತಿರ ಜನ, ಕೆಂಪು, ಹಳದಿ, ನೀಲಿ ಮರದ ಮನೆಗಳು, ಊರಂಚಿನಲ್ಲಿ ಸರಪಳಿ ಹಾಕಿ ಕಟ್ಟಿದ ಜಾರುಬಂಡಿ ನಾಯಿಗಳು. ಮುದ್ದಾಗಿವೆ ಅಂತ ಮುಟ್ಟಲು ಹೋಗಬಾರದು. ಅವು ಸಾಕುನಾಯಿಗಳಲ್ಲ, ದುಡಿಯುವ ನಾಯಿಗಳು. ಊರಾಚೆಯಿಂದ ಮರದ ಹಲಗೆ ಹಾಸಿದ ದಾರಿ ಸೆರ್ಮರ್ಮಿಯುಟ್ ಎಂಬ ಹಳೇ ಜನವಸತಿಯ ಜಾಗಕ್ಕೆ ಹೋಗುತ್ತದೆ. ನಾಲ್ಕು ಸಾವಿರ ವರ್ಷದಿಂದ ಬೇರೆ ಬೇರೆ ಜನ ಬಂದು ನೆಲೆಸಿದ ತಾಣ. ಅದರ ಕೆಳಗೆ ಕಡಲತೀರ, ತೀರಕ್ಕೆ ಮುಂಚೆ ಒಂದು ಎಚ್ಚರಿಕೆ ಫಲಕ. ದಡಕ್ಕೆ ಇಳಿಯಬೇಡಿ, ಐಸ್‌ಬರ್ಗ್ ಒಡೆದರೆ ಇದ್ದಕ್ಕಿದ್ದಂತೆ ಸುನಾಮಿಯಂಥ ಅಲೆ ಬರುತ್ತದೆ, ಸಾಯಬಹುದು ಅಂತ. ಸಮುದ್ರವೋ ಕೆರೆಯಂತೆ ತಣ್ಣಗಿತ್ತು.

ಮಂಜು ಅಲ್ಲಲ್ಲಿ ಹರಿಯಿತು. ಎದುರಿಗೆ ನೀರು ಇರಬೇಕಾದ ಕಡೆ ನೀರೇ ಇರಲಿಲ್ಲ. ಗುಡ್ಡಕ್ಕೆ ಗುಡ್ಡ ಒತ್ತಿಕೊಂಡ ಮಂಜುಗಡ್ಡೆ, ಕಣ್ಣು ಹರಿಯುವವರೆಗೂ. ಇದು ಇಲುಲಿಸ್ಸಾಟ್ ಐಸ್‌ಫ್ಯೋರ್ಡ್, 2004ರಿಂದ ವಿಶ್ವ ಪರಂಪರೆಯ ತಾಣ. ಇದರ ಒಳ ತುದಿಯಲ್ಲಿ ಸೆರ್ಮೆಕ್ ಕುಯಲ್ಲೆಕ್ ಎಂಬ ಹಿಮನದಿ. ಬೇಸಿಗೆಯಲ್ಲಿ ದಿನಕ್ಕೆ 40 ಮೀಟರ್ ಸರಿದದ್ದೂ ಉಂಟು. ಹಿಮನದಿಗಳ ಲೆಕ್ಕದಲ್ಲಿ ಇದು ರಾಜಧಾನಿ ಎಕ್ಸ್‌ಪ್ರೆಸ್. ವರ್ಷಕ್ಕೆ ಸುಮಾರು 35 ಘನ ಕಿ.ಮೀ. ಮಂಜುಗಡ್ಡೆಯನ್ನು ಮುರಿದು ಮುರಿದು ನೀರಿಗೆ ಹಾಕುತ್ತದೆ.

ಹಾಗಾದರೆ ಇವೆಲ್ಲ ಯಾಕೆ ಇಲ್ಲೇ ನಿಂತಿವೆ? ನಮ್ಮ ಜೊತೆಗಿದ್ದ ಭೂವಿಜ್ಞಾನಿ ಬಿಡಿಸಿ ಹೇಳಿದರು. ಫ್ಯೋರ್ಡಿನ ಬಾಯಲ್ಲಿ ನೀರಿನಡಿ ಒಂದು ದಿಬ್ಬ ಇದೆ. ಹಿಂದೊಮ್ಮೆ ಹಿಮನದಿಯೇ ಇಲ್ಲಿಯವರೆಗೆ ಬಂದು ಕಲ್ಲುಮಣ್ಣು ಸುರಿದು ಹೋದದ್ದು. ಅದರ ಮೇಲೆ ನೀರಿನ ಆಳ 200ರಿಂದ 250 ಮೀಟರ್. ಒಳಗಡೆ ಇದಕ್ಕಿಂತ ಎಷ್ಟೋ ಹೆಚ್ಚು. ಐಸ್‌ಬರ್ಗಿನ ಹತ್ತರಲ್ಲಿ ಒಂಬತ್ತು ಪಾಲು ನೀರಿನ ಕೆಳಗೇ ಇರುವುದರಿಂದ ದೊಡ್ಡವು ಈ ದಿಬ್ಬಕ್ಕೆ ತಳ ಬಡಿದು ಸಿಕ್ಕಿಹಾಕಿಕೊಳ್ಳುತ್ತವೆ. ಕರಗಿ, ಒಡೆದು ಸಣ್ಣದಾಗಬೇಕು, ಇಲ್ಲವೇ ಹಿಂದಿನಿಂದ ಬಂದದ್ದು ನೂಕಬೇಕು. ಅಲ್ಲಿಯವರೆಗೆ ಕಾಯಬೇಕು.

"ಓ, ಔಟರ್‌ನಲ್ಲಿ ನಿಲ್ಲಿಸಿದ್ದಾರೆ!" ಅಂದೆ ನಾನು ಕನ್ನಡದಲ್ಲಿ. ನಮ್ಮವಳು ಜೋರಾಗಿ ನಕ್ಕಳು. ಬೆಂಗಳೂರಿಗೆ ಹತ್ತು ನಿಮಿಷ ಇದ್ದಾಗ ಗಾಡಿ ಔಟರ್‌ನಲ್ಲಿ ಒಂದು ಗಂಟೆ ನಿಂತದ್ದನ್ನು ಅನುಭವಿಸದ ಕನ್ನಡಿಗ ಯಾರಿದ್ದಾರೆ? ಆ ಮೇಲೆ ನನಗೆ ಆ ಇಡೀ ಫ್ಯೋರ್ಡು ಒಂದು ದೊಡ್ಡ ಯಾರ್ಡಿನಂತೆಯೇ ಕಂಡಿತು. ಲೈನ್ ಕ್ಲಿಯರ್ ಸಿಕ್ಕ ಗಾಡಿಗಳು ಹೊರಗೆ ಬಂದು ಮೊದಲು ಉತ್ತರಕ್ಕೆ ತೇಲುತ್ತವೆ. ಬ್ಯಾಫಿನ್ ಕೊಲ್ಲಿಯನ್ನು ಬಳಸಿಕೊಂಡು ಕೆನಡಾ ಮಗ್ಗುಲಲ್ಲಿ ದಕ್ಷಿಣಕ್ಕೆ ಇಳಿಯುತ್ತವೆ. ಎರಡು ಮೂರು ವರ್ಷದ ಪ್ರಯಾಣ. ಬಹುಪಾಲು ದಾರಿಯಲ್ಲೇ ಕರಗುತ್ತವೆ. ಕೆಲವು ನ್ಯೂಫೌಂಡ್‌ಲ್ಯಾಂಡ್‌ವರೆಗೆ ಮುಟ್ಟುತ್ತವೆ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ಗೆ ಅಡ್ಡ ಬಂದದ್ದೂ ಇಲ್ಲಿಂದಲೇ ಹೊರಟದ್ದು ಇರಬೇಕು ಅಂತ ಬಹಳ ಜನರ ಅಂದಾಜು. ಇನ್ನೊಂದು ಮಾತನ್ನೂ ಆ ವಿಜ್ಞಾನಿ ಹೇಳಿದರು. 2000ದ ನಂತರದ ಕೆಲವೇ ವರ್ಷಗಳಲ್ಲಿ ಹಿಮನದಿಯ ಮೂತಿ ಸುಮಾರು 10 ಕಿ.ಮೀ. ಹಿಂದಕ್ಕೆ ಹೋಯಿತಂತೆ. ಅಷ್ಟು ದೂರ ವಿಮಾನದಲ್ಲಿ ಹಾರಿಬಂದು ಇದನ್ನು ಕೇಳಿಸಿಕೊಳ್ಳುವಾಗ ಸ್ವಲ್ಪ ಮುಜುಗರವಾಗುತ್ತದೆ. ಆಗಲೇ ಬೇಕು.

ಸಂಜೆ ಏಳಕ್ಕೆ ಮಂಜು ಪೂರ್ತಿ ಎದ್ದಿತು. ಊಟದ ಮಧ್ಯದಲ್ಲೇ ಕರೆ ಬಂತು: ಹತ್ತು ನಿಮಿಷದಲ್ಲಿ ಜೋಡಿಯಾಕ್. ಬೆಳಿಗ್ಗೆ ರದ್ದಾದದ್ದು ಈಗ! ತಟ್ಟೆ ಅಲ್ಲೇ ಬಿಟ್ಟು ಓಡಿದೆವು.

ಆ ಒಂದೂವರೆ ಗಂಟೆಯನ್ನು ನಾನು ಕಣ್ಣಿಗಿಂತ ಜಾಸ್ತಿ ಕಿವಿಯಲ್ಲಿ ನೆನಪಿಟ್ಟುಕೊಂಡಿದ್ದೇನೆ. ದೋಣಿ ನಡೆಸುತ್ತಿದ್ದವಳು ನಾರ್ವೆಯ ಹುಡುಗಿ, ನಮ್ಮ ಮಗಳ ವಯಸ್ಸು. ಸಣ್ಣ ಚೂರುಗಳ ನಡುವೆ ನಿಲ್ಲಿಸಿ ಮೋಟರ್ ಆರಿಸಿದಳು. ಸುತ್ತಲೂ ಚಟಪಟ, ಸೊರ್ರ್ ಅಂತ ಸದ್ದು. ಗೋಲಿಸೋಡಾ ಒಡೆದ ಹಾಗೆ. ಸಾವಿರಾರು ವರ್ಷದ ಹಿಂದೆ ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾದಾಗ ಒಳಗೆ ಸಿಕ್ಕಿಕೊಂಡ ಗಾಳಿ ಈಗ ಕರಗುವಾಗ ಗುಳ್ಳೆಯಾಗಿ ಒಡೆಯುತ್ತದೆ. ಆಮೇಲೆ ಒಂದು ಮೈಕನ್ನು ನೀರಿನೊಳಗೆ ಇಳಿಬಿಟ್ಟಳು. ಸ್ಪೀಕರಿನಲ್ಲಿ ಬಂದದ್ದು ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದು, ನಿಲ್ಲದೆ, ಒಂದು ಕ್ವಿಂಟಲ್ ಸಾಸಿವೆ. ತಣ್ಣಗೆ ಮಲಗಿದಂತೆ ಕಾಣುವ ಆ ನೀರು ಒಳಗೆ ಅಷ್ಟು ಗದ್ದಲ.

ಬಿಳಿ ಅಂದುಕೊಂಡಿದ್ದೆ, ಬಣ್ಣ ಎಷ್ಟೊಂದು! ಗಾಳಿಗುಳ್ಳೆ ಜಾಸ್ತಿ ಇದ್ದರೆ ಬಿಳಿ. ಗುಳ್ಳೆಗಳು ಹಿಂಡಿಹೋಗಿ ಗಟ್ಟಿಯಾದದ್ದು ಕೆಂಪು ಬೆಳಕನ್ನು ನುಂಗಿ ನೀಲಿಯಾಗಿ ಕಾಣುತ್ತದೆ, ಬಟ್ಟೆಗೆ ಹಾಕುವ ನೀಲಿಯ ಹಾಗೆ. ಬಿರುಕಿನಲ್ಲಿ ನೀರು ಇಳಿದು ಮತ್ತೆ ಹೆಪ್ಪುಗಟ್ಟಿದ ಕಡೆ ಗಾಜಿನಂತೆ ಪಾರದರ್ಶಕ. ಸಣ್ಣ ತುಂಡುಗಳಿಗೂ ಹೆಸರಿವೆ. ನೀರಿನ ಮೇಲೆ ಒಂದು ಮೀಟರಿಗಿಂತ ಕಡಿಮೆ ಕಂಡರೆ ಗ್ರೌಲರ್, ಐದು ಮೀಟರ್‌ವರೆಗೆ ಬರ್ಗಿ ಬಿಟ್, ಅದಕ್ಕೂ ಮೇಲಾದರೆ ಐಸ್‌ಬರ್ಗ್. ಹಡಗಿನವರು ಹೆದರುವುದು ಗ್ರೌಲರಿಗೆ, ಅದು ಅಲೆಯ ಮಧ್ಯೆ ಕಾಣುವುದೇ ಇಲ್ಲ.

ದೊಡ್ಡದರ ಹತ್ತಿರ ಅವಳು ಹೋಗಲೇ ಇಲ್ಲ. ಫೋಟೋಗೆ ಇನ್ನೂ ಸ್ವಲ್ಪ ಹತ್ತಿರ ಅಂತ ಒಬ್ಬರು ಒತ್ತಾಯ ಮಾಡಿದರು. ಅವಳು ತಲೆ ಅಲ್ಲಾಡಿಸಿದಳು. ಹತ್ತು ನಿಮಿಷ ಆಗಿರಲಿಲ್ಲ, ದೂರದಲ್ಲಿ ಐದಾರು ಮಹಡಿ ಎತ್ತರದ ಒಂದು ಗುಡ್ಡ, ಏನೂ ಮುನ್ಸೂಚನೆ ಇಲ್ಲದೆ, ಎಮ್ಮೆ ಕೆರೆಯಲ್ಲಿ ಮಗ್ಗುಲು ಬದಲಿಸಿದಂತೆ ನಿಧಾನವಾಗಿ ಹೊರಳಿತು. ಬಿಳಿಯದು ಕೆಳಗೆ ಹೋಗಿ ಕಡುನೀಲಿ ಹೊಟ್ಟೆ ಮೇಲೆ ಬಂತು. ಕೆಳಭಾಗ ಕರಗಿ ತೂಕ ತಪ್ಪಿದರೆ ಹೀಗಾಗುತ್ತದಂತೆ. ಅವಳು ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ ನಿಲ್ಲಿಸಿದಳು. ನಾವು ನಾಲ್ಕು ಸಲ ಎದ್ದು ಬಿದ್ದೆವು. ಆ ಫೋಟೋದ ಮನುಷ್ಯ ಆಮೇಲೆ ಏನೂ ಕೇಳಲಿಲ್ಲ.

ಮಾರನೇ ದಿನ ಎಕಿಪ್ ಸೆರ್ಮಿಯಾ, ಇಲುಲಿಸ್ಸಾಟ್‌ನಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ. ಮೂರು ಕಿ.ಮೀ.ಗೂ ಹೆಚ್ಚು ಅಗಲದ ಹಿಮನದಿಯ ಗೋಡೆ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇಷ್ಟೇ: ತುಂಡು ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ಮಿಂಚು ಗುಡುಗಿನಂತೆ ಎಣಿಸಿದೆ, ಒಂಬತ್ತು ಸೆಕೆಂಡ್. ಸದ್ದು ಮೂರು ಸೆಕೆಂಡಿಗೆ ಒಂದು ಕಿ.ಮೀ. ಓಡುತ್ತದೆ, ಅಂದರೆ ನಾವಿದ್ದದ್ದು ಮೂರು ಕಿ.ಮೀ. ದೂರ. ಸದ್ದು ಕೇಳಿ ಕ್ಯಾಮರಾ ಎತ್ತಿದವರಿಗೆಲ್ಲ ಬರೀ ನೊರೆ ಸಿಕ್ಕಿತು.

ಈಗ ತಿಮಿಂಗಿಲಕ್ಕೆ ಬರುತ್ತೇನೆ.

ನಮ್ಮ ಕಡೆ ತಿಮಿಂಗಿಲ ಅಂದರೆ ಪೇಪರಿನಲ್ಲಿ ಬರುವುದು ಒಂದೇ ಸುದ್ದಿ, 'ತಿಮಿಂಗಿಲ ವಾಂತಿ ಮಾರಾಟ, ಇಬ್ಬರ ಬಂಧನ'. ಹೊರಡುವ ಮುಂಚೆ ಗೆಳೆಯರೆಲ್ಲ, ಬರುವಾಗ ಒಂದು ಕೆಜಿ ತಗೊಂಡು ಬಾ ಅಂತ ತಮಾಷೆ ಮಾಡಿದ್ದರು. ಆ ಅಂಬರ್‌ಗ್ರಿಸ್ ಕೊಡುವುದು ಸ್ಪರ್ಮ್ ತಿಮಿಂಗಿಲ. ಬೇಸಿಗೆಯಲ್ಲಿ ಡಿಸ್ಕೋ ಕೊಲ್ಲಿಯಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಮೂರು ಜಾತಿ: ಹಂಪ್‌ಬ್ಯಾಕ್ (ಗೂನುಬೆನ್ನಿನದು), ಫಿನ್ ಮತ್ತು ಮಿಂಕಿ. ಹಂಪ್‌ಬ್ಯಾಕ್‌ಗಳು ಚಳಿಗಾಲದಲ್ಲಿ ಕೆರಿಬಿಯನ್ ಕಡೆ ಬೆಚ್ಚನೆ ನೀರಿಗೆ ಹೋಗಿ ಮರಿ ಹಾಕಿ, ಬೇಸಿಗೆಗೆ ಇಲ್ಲಿಗೆ ಊಟಕ್ಕೆ ಬರುತ್ತವೆ. ಇಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನು, ಸೀಗಡಿಯಂಥ ಕ್ರಿಲ್ ಯಥೇಚ್ಛ.

ಹುಡುಕುವ ಉಪಾಯ ಮೂರನೇ ದಿನಕ್ಕೆ ಕೈಗೆ ಹತ್ತಿತು. ತಿಮಿಂಗಿಲವನ್ನು ಹುಡುಕಬಾರದು. ಬರಿಗಣ್ಣಿನಲ್ಲಿ ದಿಗಂತವನ್ನು ನಿಧಾನವಾಗಿ ಒರೆಸುತ್ತಾ ಹೋಗಬೇಕು. ಬೆಳ್ಳಗೆ ಒಂದು ಕಾರಂಜಿ ಎದ್ದು ಆವಿಯಂತೆ ತೇಲಿದರೆ ಅದು ಉಸಿರು. ಎತ್ತರಕ್ಕೆ ಕಂಬದಂತೆ ಎದ್ದರೆ ಫಿನ್. ಗಿಡ್ಡಗೆ, ಪೊದೆಯಂತೆ ಹರಡಿದರೆ ಹಂಪ್‌ಬ್ಯಾಕ್. ಏನೂ ಕಾಣದೆ ಸಣ್ಣ ಬೆನ್ನೊಂದು ಸರ್ರನೆ ಹೋದರೆ ಮಿಂಕಿ. ಹಕ್ಕಿಗಳು ಒಂದೇ ಕಡೆ ಮುತ್ತಿಕೊಂಡು ನೀರಿಗೆ ಎರಗುತ್ತಿದ್ದರೆ ಅಲ್ಲಿ ಮೀನಿದೆ, ಮೀನಿದ್ದಲ್ಲಿ ತಿಮಿಂಗಿಲವೂ ಇರಬಹುದು. ಜಾಗ ಸಿಕ್ಕ ಮೇಲೆಯೇ ಬೈನಾಕ್ಯುಲರ್.

ಫಿನ್ ಸಿಕ್ಕಿದ್ದು ಒಂದೇ ಸಲ, ಹಡಗಿನಿಂದ. ಪ್ರಪಂಚದಲ್ಲೇ ಎರಡನೇ ದೊಡ್ಡ ಪ್ರಾಣಿ. ಬೆನ್ನು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು, ಆಮೇಲೆ ಕೊನೆಗೆ ಒಂದು ಸಣ್ಣ ರೆಕ್ಕೆ. ಗೂಡ್ಸ್ ಗಾಡಿಯ ಕೊನೆಯ ಬ್ರೇಕ್‌ವ್ಯಾನ್ ಹಾಗೆ. ಮುಳುಗುವಾಗ ಬಾಲ ತೋರಿಸುವುದಿಲ್ಲ. ನಿಲ್ಲಲೂ ಇಲ್ಲ. ಷರಾ ಕಾಲಮ್ಮಿನಲ್ಲಿ 'ಥ್ರೂ' ಅಂತ ಬರೆದೆ.

ಆರನೇ ದಿನ ಡಿಸ್ಕೋ ದ್ವೀಪದ ಕೆಕೆರ್ಟಾರ್ಸುವಾಕ್ ಹತ್ತಿರ. ಮೆಟ್ಟಿಲು ಮೆಟ್ಟಿಲಾಗಿ ನಿಂತ ಕಪ್ಪು ಬೆಟ್ಟಗಳು, ಮೇಲೆ ಚಪ್ಪಟೆ. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಬೆಳಗಾವಿ ಕಡೆ ಡ್ಯೂಟಿ ಮಾಡುವಾಗ ನೋಡಿದ್ದು ಇಂಥದೇ. ಎರಡೂ ಕಡೆ ಲಾವಾ ಪದರ ಪದರವಾಗಿ ಹರಿದು ಆದ ಕಪ್ಪು ಕಲ್ಲು. ಅವತ್ತಿನ ಪಟ್ಟಿಯಲ್ಲಿ ಇದ್ದದ್ದು ಜಲಪಾತಕ್ಕೆ ನಡಿಗೆ. ದೋಣಿ ಇಳಿಸುವ ಹೊತ್ತಿಗೆ ಕೊಲ್ಲಿಯಲ್ಲಿ ಮೂರು ಹಂಪ್‌ಬ್ಯಾಕ್ ಕಂಡವು. ನಡಿಗೆ ರದ್ದು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ನಿಯಮ ಇದೆ. ಎದುರಿನಿಂದ ಅಡ್ಡ ಹೋಗಬಾರದು, ಅಟ್ಟಿಸಿಕೊಂಡು ಹೋಗಬಾರದು, ದೂರದಲ್ಲೇ ನಿಧಾನ ಮಾಡಿ ನಿಂತುಬಿಡಬೇಕು. ಬರುವುದು ಬಿಡುವುದು ಅದರ ಇಷ್ಟ. ನಾವು ನಿಂತೆವು. ನಾನು ರಿಜಿಸ್ಟರ್ ತೆಗೆದೆ. ಒಂದು ಪ್ರಾಣಿಯನ್ನೇ ಹಿಡಿದುಕೊಂಡೆ, ಅದರ ಬಾಲದಡಿ ಎಡಗಡೆ ದೊಡ್ಡ ಬಿಳಿ ಮಚ್ಚೆ. ಆ ಕಪ್ಪು ಬಿಳಿ ಗುರುತು ಒಂದೊಂದಕ್ಕೂ ಬೇರೆ ಬೇರೆ, ನಮ್ಮ ಹೆಬ್ಬೆಟ್ಟಿನ ಹಾಗೆ. ವಿಜ್ಞಾನಿಗಳು ಫೋಟೋ ಇಟ್ಟುಕೊಂಡು ಅದರಿಂದಲೇ ಇದು ಅದೇ ತಿಮಿಂಗಿಲ ಅಂತ ಗುರುತು ಹಿಡಿಯುತ್ತಾರೆ.

ಲೆಕ್ಕ ಹೀಗಿತ್ತು. ಮೇಲೆ ಬಂದು ಇಪ್ಪತ್ತು ಸೆಕೆಂಡಿಗೊಮ್ಮೆಯಂತೆ ಐದು ಸಲ ಉಸಿರು. ಐದನೆಯದಾದ ಮೇಲೆ ಬೆನ್ನು ಗೂನಾಗಿ ಬಾಗುತ್ತದೆ, ಬಾಲ ಎದ್ದು ನೀರು ಸುರಿಸುತ್ತಾ ನೇರ ಒಳಗೆ. ಬೆನ್ನು ಬಾಗಿದ್ದೇ ಸಿಗ್ನಲ್. ಆಗ ಕ್ಯಾಮರಾ ಎತ್ತಿದರೆ ಬಾಲ ಸಿಗುತ್ತದೆ, ಬಾಲ ಕಂಡ ಮೇಲೆ ಎತ್ತಿದರೆ ಸಿಗುವುದಿಲ್ಲ. ಮೊದಲ ಸಲ 5 ನಿಮಿಷ 40 ಸೆಕೆಂಡ್ ಮುಳುಗಿತ್ತು. ಎರಡನೇ ಸಲ 6 ನಿಮಿಷ 10. ಮೂರನೇ ಸಲ 5 ನಿಮಿಷ 50. ಅಷ್ಟು ಹೊತ್ತಿಗೆ ದೋಣಿಯಲ್ಲಿ ನನಗೆ ಒಂದು ಮರ್ಯಾದೆ ಬಂದಿತ್ತು. ನಾರ್ವೆ ಹುಡುಗಿಯೇ ತಿರುಗಿ, "ಇನ್ನೆಷ್ಟು?" ಅಂತ ಕೇಳತೊಡಗಿದಳು. "ಒಂದು ನಿಮಿಷ" ಅಂತ ನಾನು ಬೆರಳು ತೋರಿಸುತ್ತಿದ್ದೆ. ಎಲ್ಲರೂ ಕ್ಯಾಮರಾ ಎತ್ತುತ್ತಿದ್ದರು. 34 ವರ್ಷದ ಸರ್ವಿಸಿನಲ್ಲಿ ನನ್ನ ಅನೌನ್ಸ್‌ಮೆಂಟನ್ನು ಯಾರೂ ಅಷ್ಟು ನಂಬಿದ್ದಿಲ್ಲ.

ನಾಲ್ಕನೇ ಸಲ ಆರು ನಿಮಿಷ ಆಯಿತು, ಬರಲಿಲ್ಲ. ಏಳು. ಎಂಟು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಒಂಬತ್ತೂವರೆಗೆ ನಮ್ಮ ಬೆನ್ನ ಹಿಂದೆ, ಇಪ್ಪತ್ತು ಮೀಟರೂ ಇಲ್ಲ, ಬಸ್ಸಿನ ಬ್ರೇಕ್ ಗಾಳಿ ಬಿಟ್ಟಂತೆ ಪುಸ್ಸ್ ಅಂತ ಸದ್ದು. ತಿರುಗಿ ನೋಡುವ ಮೊದಲೇ ಕನ್ನಡಕದ ಮೇಲೆ ತುಂತುರು ಬಿತ್ತು, ಮೂಗಿಗೆ ವಾಸನೆ ಬಡಿಯಿತು. ಮಂಗಳೂರಿನ ದಕ್ಕೆಯಲ್ಲಿ ಮಧ್ಯಾಹ್ನ ನಿಂತರೆ ಬರುತ್ತದಲ್ಲ, ಅದರ ಮೂರು ಪಟ್ಟು. ಕನ್ನಡಕ ಒರೆಸಿಕೊಂಡು ನೋಡಿದೆ. ನಮ್ಮ ದೋಣಿಯ ಎರಡು ಪಟ್ಟಿಗಿಂತ ಉದ್ದದ ದೇಹ, ಉಬ್ಬುಬ್ಬು ಮೂತಿ, ಮೂತಿಯ ಮೇಲೆ ಗಂಟು ಗಂಟು. ಅವಸರವೇ ಇಲ್ಲ.

"ರೀ, ನಿಮ್ಮ ಗಾಡಿ ಹಿಂದಿನ ಪ್ಲಾಟ್‌ಫಾರ್ಮಿಗೆ ಬಂತು" ಅಂದಳು ನಮ್ಮವಳು.

ಫೋಟೋ? ಒಂದೂ ಇಲ್ಲ. ಇರುವ 600 ಫೋಟೋಗಳಲ್ಲಿ 500 ಬರೀ ನೀರು.

ಮಧ್ಯಾಹ್ನ ಊರಿಗೆ ಇಳಿದಾಗ ನೋಡಿದ ಒಂದು ವಿಷಯವನ್ನು ಬಿಟ್ಟುಬಿಡುವುದು ಸರಿಯಲ್ಲ. ಮೀನು, ಮಾಂಸ ಮಾರುವ ಕಟ್ಟೆಯ ಮೇಲೆ ತಿಮಿಂಗಿಲದ ಮಾಂಸವೂ ಇತ್ತು. ಬೆಳಿಗ್ಗೆ ತಾನೇ ಆ ಉಸಿರನ್ನು ಮುಖಕ್ಕೆ ಹಚ್ಚಿಕೊಂಡು ಬಂದಿದ್ದೆವು. ನಮ್ಮವಳು ಹೊರಗೆ ಹೋಗಿ ನಿಂತಳು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲ್ಲಿಯ ಮೂಲನಿವಾಸಿಗಳ ಊಟಕ್ಕೆ ಅಂತ ಲೆಕ್ಕ ಹಾಕಿ ಬಿಡುತ್ತದೆ. ನಾವು ಹೋದಾಗಿನ ಲೆಕ್ಕ, ಇಡೀ ಪಶ್ಚಿಮ ಗ್ರೀನ್‌ಲ್ಯಾಂಡಿಗೆ ವರ್ಷಕ್ಕೆ 10 ಹಂಪ್‌ಬ್ಯಾಕ್, 19 ಫಿನ್, 164 ಮಿಂಕಿ. ನಮ್ಮ ಹಡಗಿನ ಕೆಲವರು ಊಟದ ಹೊತ್ತಿಗೆ ಆ ಜನರನ್ನು ಬಯ್ದರು, ಬಯ್ಯುತ್ತಾ ದನದ ಮಾಂಸ ತಿಂದರು. ನಾನು ಹುಟ್ಟಾ ಸಸ್ಯಾಹಾರಿ, ಆದರೂ ಆ ಬಯ್ಗುಳ ನನಗೆ ಹಿಡಿಸಲಿಲ್ಲ. ಆ ಬಂಡೆಯ ಮೇಲೆ ರಾಗಿ ಬೆಳೆಯುತ್ತದಾ? ನಮ್ಮವಳು ಇದನ್ನು ಒಪ್ಪುವುದಿಲ್ಲ. ಇವತ್ತಿಗೂ ಈ ವಿಷಯ ಎತ್ತಿದರೆ ಇಬ್ಬರಿಗೂ ಜಟಾಪಟಿ.

ಕೊನೆಯ ರಾತ್ರಿ ದಕ್ಷಿಣಕ್ಕೆ ವಾಪಸ್. ಆಗಸ್ಟ್ ನಡುವಿನಲ್ಲಿ ಅಲ್ಲಿ ಹತ್ತು ಗಂಟೆಯ ಮೇಲೆ ಸೂರ್ಯ ಮುಳುಗುತ್ತಾನೆ, ಆದರೂ ಪೂರ್ತಿ ಕತ್ತಲೆ ಅಂತ ಆಗುವುದಿಲ್ಲ. ನಾನು ಹನ್ನೆರಡರವರೆಗೆ ಡೆಕ್ಕಿನ ಮೇಲೆ ನಿಂತೆ. ಏನೂ ಬರಲಿಲ್ಲ. ಏನಾದರೂ ಕಂಡರೆ ಎಬ್ಬಿಸು ಅಂತ ನಮ್ಮವಳಿಗೆ ಹೇಳಿ ಮಲಗಿದೆ.

ಊರಿಗೆ ಬಂದು ವಾರವಾದ ಮೇಲೆ, ಮೊಮ್ಮಗನಿಗೆ ತೋರಿಸಲು ರಿಜಿಸ್ಟರ್ ತೆಗೆದೆ. ಕೊನೆಯ ಸಾಲು ನನ್ನ ಅಕ್ಷರದಲ್ಲಿರಲಿಲ್ಲ. ಗೆರೆಯೊಳಗೇ ಅಚ್ಚುಕಟ್ಟಾಗಿ ಬರೆದಿದ್ದಳು. ಸಮಯ: ಬೆಳಗಿನ ಜಾವ 4.50. ಜಾಗ: ನಮ್ಮ ಕಿಟಕಿ. ಜಾತಿ: ಗೂನಿನದು, ಮೂರು, ಒಂದು ಮರಿ. ಬಾಲ: ಎತ್ತಿದವು. ಷರಾ: ಸ್ಟೇಷನ್ ಮಾಸ್ಟರ್ ಗೊರಕೆ ಹೊಡೆಯುತ್ತಿದ್ದರು, ಎಬ್ಬಿಸಲಿಲ್ಲ.